ಕಡಲ ಚರಿತ್ರೆಗೆ ನಮ್ಮ ಗ್ರಂಥಾಲಯದಲ್ಲೂ ಜಾಗ ಬೇಕು



ಚಾಮರಾಜನಗರ ಜಿಲ್ಲೆಗೆ ಕಡಲಿಲ್ಲ, ನಿಜ. ಆದರೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಹಾದು ಕಲ್ಲಿಕೋಟೆಗೆ ಇಳಿಯುವ ದಾರಿ ನಮ್ಮ ಊರ ನಡುವೆಯೇ ಇದೆ. ಹೀಗಿದ್ದೂ ಇಲ್ಲಿನ ಮಕ್ಕಳಿಗೆ ಮೈಸೂರು ಸಂಸ್ಥಾನದ ಹಡಗುಗಳ ಕತೆ ಗೊತ್ತಿಲ್ಲ.

1786ರಲ್ಲಿ ಟಿಪ್ಪು ಸುಲ್ತಾನ್ ಇಸ್ತಾಂಬುಲ್‌ಗೆ ಕಳಿಸಿದ ರಾಯಭಾರಿಗಳು ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟರು. ಮೆಣಸು, ಏಲಕ್ಕಿ, ಶ್ರೀಗಂಧ ಜೊತೆಗಿದ್ದವು. ಹೋದವರಲ್ಲಿ ಬಹುಪಾಲು ಮಂದಿ ಮರಳಲೇ ಇಲ್ಲ. ಆ ಪಯಣದ ದಿನಚರಿಯನ್ನು ತಂಡದಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ಬರೆದಿಟ್ಟ. ಅದರ ಹಸ್ತಪ್ರತಿ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಸಂಪಾದಿಸಿ ಅಚ್ಚಿಗೂ ತಂದಿದ್ದಾರೆ. ಟಿಪ್ಪು 1796ರಲ್ಲಿ ಹೊರಡಿಸಿದ ನೌಕಾಪಡೆಯ ಆದೇಶದಲ್ಲಿ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟುಗಳ ಲೆಕ್ಕವಿದೆ. ಬ್ರಿಟಿಷ್ ಸೇನಾಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪು ಪತ್ರಗಳ ಸಂಪುಟದ ಅನುಬಂಧದಲ್ಲಿ ಅದನ್ನು ಓದಬಹುದು. ಮಂಗಳೂರು, ಸದಾಶಿವಗಡದ ಹಡಗುಕಟ್ಟೆಗಳಿಗೆ ಮರ, ಹಗ್ಗ, ಆಳು ಒದಗಿಸುವ ಬಗೆಯೆಲ್ಲ ಇಂಥ ಕಾಗದಗಳಿಂದಲೇ ತಿಳಿಯಬೇಕು.

ಇವನ್ನು ನೋಡಲು ಗುಂಡ್ಲುಪೇಟೆಯ ವಿದ್ಯಾರ್ಥಿ ಕೋಲ್ಕತ್ತಕ್ಕೆ ಹೋಗಲಾದೀತೆ? ಜಿಲ್ಲಾ ಗ್ರಂಥಾಲಯದಲ್ಲಿ ಈ ಪುಸ್ತಕಗಳೂ ಅವುಗಳ ಕನ್ನಡ ಸಾರವೂ ಸಿಗುವಂತಾಗಲಿ. ಶಾಲಾ ಪ್ರವಾಸದ ಪಟ್ಟಿಗೆ ಕಾರವಾರದ ಕಡಲತೀರದಲ್ಲಿರುವ, ಭಾರತೀಯ ನೌಕಾಪಡೆಯ ‘ಚಾಪಲ್’ ಯುದ್ಧನೌಕೆ ವಸ್ತುಸಂಗ್ರಹಾಲಯ ಸೇರಲಿ. ಬರುವ ಶೈಕ್ಷಣಿಕ ವರ್ಷಕ್ಕೆ ಮೊದಲೇ ಗ್ರಂಥಾಲಯ ಹಾಗೂ ಶಿಕ್ಷಣ ಇಲಾಖೆಗಳು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಬೇಕೆಂದು ಕೋರುತ್ತೇನೆ.

– ಓದುಗ, ಗುಂಡ್ಲುಪೇಟೆ