ಗಣಕಯಂತ್ರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದಕ್ಕೆ ಕನ್ನಡ ನಾಡಿನಲ್ಲಿ ಘನವಾದ ಅರ್ಥವಿದೆ. ತೊಲೆಗೆ ಗೆದ್ದಲು ಹಿಡಿದರೆ ತೊಲೆಯನ್ನು ಬದಲಿಸುವರೇ ಹೊರತು ಮಂಟಪವನ್ನು ಕೆಡಹುವುದಿಲ್ಲ. ಕೆಟ್ಟುದಾವುದು, ಗಟ್ಟಿಯಾಗಿ ಉಳಿದುದಾವುದು ಎಂಬ ವಿವೇಚನೆಯೇ ಅದರ ಜೀವಾಳ. ಕಟ್ಟಡಗಳ ವಿಷಯದಲ್ಲಿ ಸರ್ವರೂ ಒಪ್ಪುವ ಈ ಮಾತು ವಿದ್ಯಾಸಂಸ್ಥೆಗಳ ಗಣಕಯಂತ್ರಗಳ ವಿಷಯದಲ್ಲಿ ಮಾತ್ರ ಮರೆತುಹೋಗುತ್ತಿದೆ. ಯಂತ್ರ ಮಂದವಾಯಿತೆಂದರೆ ಅದನ್ನು ಉಗ್ರಾಣಕ್ಕೆ ತಳ್ಳಿ, ಹೊಸದಕ್ಕಾಗಿ ದಾನಿಗಳಲ್ಲಿ ಬಿನ್ನವಿಸಿಕೊಳ್ಳುವುದು ರೂಢಿಯಾಗಿದೆ.

2012ರ ಸುಮಾರಿನಲ್ಲಿ ಮಾರಾಟವಾದ ಒಂದು ಸಾಮಾನ್ಯ ಯಂತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರೊಳಗೆ ಮೂರನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರ್, 4 ಜಿ.ಬಿ. ರ‍್ಯಾಮ್, ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಇರುತ್ತವೆ. ಮಂದಗತಿಗೆ ಮುಖ್ಯ ಕಾರಣ ಈ ಡಿಸ್ಕು. ಅದರ ತಟ್ಟೆ ತಿರುಗಿ, ಕೈ ಸರಿದು, ಬೇಕಾದ ಸ್ಥಳವನ್ನು ಮುಟ್ಟುವವರೆಗೆ ಉಳಿದ ಅಂಗಗಳೆಲ್ಲ ಕಾದು ಕುಳಿತಿರಬೇಕು. ಚಲಿಸುವ ಭಾಗಗಳೇ ಇಲ್ಲದ ಎಸ್.ಎಸ್.ಡಿ.ಯನ್ನು ಅಳವಡಿಸಿ, ರ‍್ಯಾಮನ್ನು 8 ಜಿ.ಬಿ.ಗೆ ಏರಿಸಿದರೆ ಆ ಯಂತ್ರವೇ ಬರವಣಿಗೆಗೆ, ಲೆಕ್ಕಪತ್ರಕ್ಕೆ, ವಿದ್ಯಾರ್ಥಿಗಳ ಅಭ್ಯಾಸಕ್ಕೆ ಇನ್ನೂ ಕೆಲವು ವರ್ಷ ಒದಗುತ್ತದೆ.

ಇಂತಹ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಳಸಿದ ಮಾಲಾಗಿ ದೊರೆಯುತ್ತವೆ. 2025ರ ಉತ್ತರಾರ್ಧದಲ್ಲಿ ಹೊಸ ರ‍್ಯಾಮಿನ ಬೆಲೆ ವಿಪರೀತವಾಗಿ ಏರಿದ ಮೇಲಂತೂ ಹಳೆಯದರ ಬೆಲೆಯನ್ನು ವಿಚಾರಿಸಿ ನೋಡುವುದು ವಿವೇಕ. ಆದರೆ ಲಕ್ಷಣವರಿಯದೆ ಕೊಂಡರೆ, ಅಗ್ಗವೆಂದು ಮುಗ್ಗಿದ ಜೋಳ ತಂದವನ ಗತಿಯೇ ಒದಗುವುದು. ಡಿ.ಡಿ.ಆರ್. 3 ರ‍್ಯಾಮಿನ ಕಚ್ಚು ಬೇರೆ, ಡಿ.ಡಿ.ಆರ್. 4ರ ಕಚ್ಚು ಬೇರೆ. ಒಂದು ಇನ್ನೊಂದರ ಜಾಗದಲ್ಲಿ ಕೂರದು. ಪ್ರೊಸೆಸರನ್ನು ಬದಲಿಸುವುದಾದರೆ ಸಾಕೆಟ್ಟು ಒಂದೇ ಆಗಿರಬೇಕು. ಮದರ್‌ಬೋರ್ಡಿನ ಬಯಾಸ್ ಅದನ್ನು ಗುರುತಿಸಬೇಕು. ತಂದ ರ‍್ಯಾಮನ್ನು ಪರೀಕ್ಷಾ ತಂತ್ರಾಂಶದಿಂದ ಒಂದು ರಾತ್ರಿಯಾದರೂ ಪರೀಕ್ಷಿಸಬೇಕು.

ಎಲ್ಲವನ್ನೂ ಹಳೆಯದಾಗಿಯೇ ಕೊಳ್ಳಬೇಕೆಂಬ ಹಟವೂ ಸಲ್ಲದು. ಪವರ್ ಸಪ್ಲೈಯೊಳಗಿನ ಕೆಪಾಸಿಟರುಗಳು ಕಾಲಕ್ರಮದಲ್ಲಿ ಸವೆಯುತ್ತವೆ. ಅದು ಕೆಟ್ಟರೆ ಉಳಿದ ಭಾಗಗಳನ್ನೂ ಕೆಡಿಸಬಹುದು. ಎಸ್.ಎಸ್.ಡಿ.ಗೆ ಬರೆಯುವಿಕೆಯ ಮಿತಿಯುಂಟು. ಅಂಕಪಟ್ಟಿ, ದಾಖಲೆಗಳೆಲ್ಲ ನೆಲೆಸುವುದು ಅದರಲ್ಲಿಯೇ. ಆದ್ದರಿಂದ ಇವೆರಡೂ ಹೊಸವಾಗಿರುವುದೇ ಲೇಸು. ಮದರ್‌ಬೋರ್ಡೇ ಕೆಟ್ಟ ಯಂತ್ರವನ್ನು ಎಬ್ಬಿಸಲು ಹೊರಡುವುದು ಬಹುತೇಕ ವ್ಯರ್ಥ ಪ್ರಯತ್ನ.

ಇನ್ನೊಂದು ತೊಡಕು ತಂತ್ರಾಂಶದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂತಹ ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆಗ ಉಳಿಯುವ ಸುಗಮ ಮಾರ್ಗ ಲಿನಕ್ಸ್. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ನಡೆಯುತ್ತದೆ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಈ ಶ್ರಮಕ್ಕೆ ಅಂಜಿ ಬೆಂಬಲವಿಲ್ಲದ ತಂತ್ರಾಂಶವನ್ನೇ ಅಂತರ್ಜಾಲಕ್ಕೆ ತೆರೆದಿಡುವುದು ಬಾಗಿಲಿಗೆ ಅಗುಳಿಯಿಲ್ಲದೆ ಮಲಗಿದಂತೆ.

‘ಮಕ್ಕಳಿಗೆ ಹಳೆಯದನ್ನು ಕೊಡುವುದೇ?’ ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ಕೊಡಬಾರದುದು ಕೆಲಸಕ್ಕೆ ಬಾರದ ವಸ್ತುವನ್ನೇ ಹೊರತು ಹಳೆಯದನ್ನಲ್ಲ. ಮುಚ್ಚಿದ ಪೆಟ್ಟಿಗೆಯನ್ನು ಬಿಚ್ಚಿ, ಅಂಗಾಂಗಗಳನ್ನು ಕಣ್ಣಾರೆ ಕಂಡು, ತನ್ನ ಕೈಯಿಂದಲೇ ಜೋಡಿಸಿದ ವಿದ್ಯಾರ್ಥಿಗೆ ದೊರೆಯುವ ತಿಳಿವಳಿಕೆ ಹೊಸ ಯಂತ್ರದ ಮುಂದೆ ಸುಮ್ಮನೆ ಕುಳಿತವನಿಗೆ ದೊರೆಯದು.

ದಾನ ಮಾಡುವವರಲ್ಲಿಯೂ ಒಂದು ಎಚ್ಚರ ಅಗತ್ಯ. ತಮ್ಮ ಕಚೇರಿಯ ಯಂತ್ರವನ್ನು ಶಾಲೆಗೆ ಕೊಡುವ ಹಳೆಯ ವಿದ್ಯಾರ್ಥಿಗಳು ಡಿಸ್ಕಿನಲ್ಲಿರುವ ಖಾಸಗಿ ಮಾಹಿತಿಯನ್ನು ಸಂಪೂರ್ಣವಾಗಿ ಅಳಿಸಿ ಕೊಡಬೇಕು, ಅದರೊಡನೆ ಎಸ್.ಎಸ್.ಡಿ.ಯ ವೆಚ್ಚವನ್ನೂ ಸೇರಿಸಿದರೆ ದಾನ ಪೂರ್ಣವಾಗುತ್ತದೆ. ಇಲ್ಲವಾದರೆ ಅದು ಕಸದ ಹೊರೆಯನ್ನು ದಾಟಿಸಿದಂತೆಯೇ ಸರಿ. ನಿಜವಾಗಿಯೂ ಕೆಟ್ಟುಹೋದುದನ್ನು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಅನುಗುಣವಾಗಿ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಬೆಸುಗೆಯಲ್ಲಿರಬಹುದಾದ ಸೀಸ ಊರಿನ ಮಣ್ಣಿಗೆ ಸೇರಬಾರದು.

ಉಗ್ರಾಣದಲ್ಲಿ ಧೂಳು ಹಿಡಿದು ಕುಳಿತ ಯಂತ್ರಗಳನ್ನು ಪ್ರತಿಯೊಂದು ಸಂಸ್ಥೆಯೂ ಒಮ್ಮೆ ಹೊರತೆಗೆದು ಪರೀಕ್ಷಿಸಲಿ. ಹತ್ತರಲ್ಲಿ ನಾಲ್ಕು ಎದ್ದು ನಿಂತರೂ ದಾನಿಗಳ ಹಣ ಅಷ್ಟರಮಟ್ಟಿಗೆ ಉಳಿದು, ಗ್ರಂಥಾಲಯಕ್ಕೋ ಬಡ ವಿದ್ಯಾರ್ಥಿಯ ಶುಲ್ಕಕ್ಕೋ ಸಲ್ಲುವುದು.