ಆನೆ ಕೊಂಡು ಅಂಕುಶಕ್ಕೆ ಚೌಕಾಸಿ



ಕಳೆದ ತಿಂಗಳು ಹುಳಿಪುಡಿಯ ಬಗ್ಗೆ ಬರೆದವಳು ಈ ತಿಂಗಳು ಕಂಪ್ಯೂಟರಿನ ಬಗ್ಗೆ ಬರೆಯಹೊರಟಿದ್ದೇನೆ. ನಗಬೇಡಿ! ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ದೆಹಲಿಗೆ ಬಂದು, ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದ ನಿನಗೆ ವೋಲ್ಟು, ವ್ಯಾಟುಗಳ ಉಸಾಬರಿ ಏಕೆ ಎಂದು ನಮ್ಮ ಮನೆಯವರೂ ಕೇಳಿದರು. ಕಾರಣವಿದೆ. ನಿಮ್ಮಲ್ಲಿ ಹಲವರು ರೆಡಿಮೇಡ್ ಬೇಡವೆಂದು ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಳ್ಳುವವರು. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತೀರಿ. ಅಷ್ಟಕ್ಕೂ ಕರೆಂಟು ಬಡಿಸುವ ಡಬ್ಬಿಯ ಸರದಿ ಬರುವ ಹೊತ್ತಿಗೆ ಜೇಬು ಖಾಲಿ! ನಮ್ಮ ಮಗನೂ ಹೀಗೇ ಮಾಡಿದ.

ಅವನು ಆರ್ಕಿಟೆಕ್ಚರ್ ವಿದ್ಯಾರ್ಥಿ. ನಕ್ಷೆ ಬಿಡಿಸಲು ಒಳ್ಳೆಯ ಯಂತ್ರ ಬೇಕಿತ್ತು. ಎಲ್ಲಾ ಕೊಂಡಾದ ಮೇಲೆ ಅಂಗಡಿಯವನು ಒಂದು ಕ್ಯಾಬಿನೆಟ್ ತೋರಿಸಿ, ಇದರ ಜೊತೆ ಎಸ್‌ಎಂಪಿಎಸ್ ಫ್ರೀ ಎಂದ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಎಂದು ಅಚ್ಚಾಗಿತ್ತು. "ಚಲೇಗಾ ಆಂಟೀಜೀ, ಬಿಂದಾಸ್ ಚಲೇಗಾ" ಎಂಬ ಭರವಸೆ ಬೇರೆ. ಉಳಿತಾಯವಾಯಿತಲ್ಲ ಎಂದು ನಾನೂ ಹಿಗ್ಗಿದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

2024ರ ಜೂನ್. ಆ ತಿಂಗಳ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟಿಗೆ ಏರಿತ್ತು. ಇಡೀ ಊರೇ ಏಸಿ ಹಾಕಿಕೊಂಡು ಕೂತಿತ್ತು. ಅದೇ ವಾರ ಒಂದು ರಾತ್ರಿ ಕರೆಂಟು ಹೋಗಿ ಬಂತು. ಮಗನ ಕೋಣೆಯಲ್ಲಿ 'ಟಪ್' ಎಂಬ ಶಬ್ದ, ಹಿಂದೆಯೇ ಸುಟ್ಟ ವಾಸನೆ. ಆ ಫ್ರೀ ಡಬ್ಬಿ ಒಂಟಿಯಾಗಿ ಸಾಯಲಿಲ್ಲ; ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಕ್ಷೆಗಳನ್ನು ಅವನು ಮತ್ತೆ ಬಿಡಿಸಿದ. ಆದರೆ ಆ ಡಿಸ್ಕಿನಲ್ಲಿ ನಮ್ಮ ಅಮ್ಮ ಹಾಡಿದ 23 ಹಾಡುಗಳಿದ್ದವು. 2019ರ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಕೂತು ಮೊಮ್ಮಗನೇ ಧ್ವನಿಮುದ್ರಣ ಮಾಡಿದ್ದು. ಅಮ್ಮ ಈಗಿಲ್ಲ.

ಅಂದಿನಿಂದ ನಾನು ಈ ಎಸ್‌ಎಂಪಿಎಸ್ ಎಂಬ ವಸ್ತುವನ್ನು ಪರೀಕ್ಷೆಗೆ ಓದಿದಂತೆ ಓದಿದ್ದೇನೆ. ಗೋಡೆಯಿಂದ ಬರುವುದು 230 ವೋಲ್ಟಿನ ಎಸಿ. ಕಂಪ್ಯೂಟರಿನ ಒಳಗಿನವರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಡಿಸಿ. ಮದುವೆಮನೆಯಲ್ಲಿ ಬಡಿಸುವವನು ಎಲೆ ನೋಡಿ ಬಡಿಸುವಂತೆ, ಯಾರಿಗೆ ಎಷ್ಟೋ ಅಷ್ಟು ಕೊಡುವುದು ಇದರ ಕೆಲಸ. ಒಳ್ಳೆಯದಾದರೆ, ತನ್ನೊಳಗೆ ಏನಾದರೂ ಕೆಟ್ಟಾಗ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ರಕ್ಷಣೆಯ ಭಾಗಗಳನ್ನು ಉಳಿಸಿಯೇ ಅಗ್ಗದ ಡಬ್ಬಿ ಅಗ್ಗವಾಗಿರುವುದು.

ಸುಟ್ಟ ಡಬ್ಬಿಯನ್ನು ತಿರುಗಿಸಿ ನೋಡಿದೆ. ಪಕ್ಕದಲ್ಲಿ ಒಂದು ಕೋಷ್ಟಕವಿರುತ್ತದೆ, ನೀವೂ ನೋಡಿ. ಅದರಲ್ಲಿ 12 ವೋಲ್ಟಿನ ಸಾಲನ್ನು ಹುಡುಕಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳು ಉಣ್ಣುವುದು ಹೆಚ್ಚುಕಡಿಮೆ ಇದೇ ಸಾಲಿನಿಂದ. ನಮ್ಮದರಲ್ಲಿ ಅಲ್ಲಿದ್ದದ್ದು 16 ಆಂಪಿಯರ್. ಹನ್ನೆರಡು ಹದಿನಾರಲಿ ನೂರ ತೊಂಬತ್ತೆರಡು! ಮೇಲೆ 500 ಎಂಬ ಬೋರ್ಡು, ಒಳಗೆ 192ರ ಅಂಗಡಿ. ಇಷ್ಟು ಲೆಕ್ಕಕ್ಕೆ ಬಿ.ಎ. ಕೂಡ ಬೇಡ, ಮಗ್ಗಿ ಸಾಕು. ನಿಜವಾದ 550 ವ್ಯಾಟಿನ ಡಬ್ಬಿಯಲ್ಲಿ ಆ ಸಾಲು 40 ಆಂಪಿಯರಿನ ಆಸುಪಾಸಿನಲ್ಲಿರುತ್ತದೆ.

ಎಷ್ಟು ವ್ಯಾಟ್ ಬೇಕು ಎಂಬುದಕ್ಕೆ ಒಂದು ಉದಾಹರಣೆ. ಪೆಟ್ಟಿಗೆಯ ಮೇಲೆ 65 ಎಂದು ಬರೆದ ಪ್ರೊಸೆಸರ್ ಭಾರ ಬಿದ್ದಾಗ ನೂರರ ಹತ್ತಿರ ಹೋಗುತ್ತದೆ, ಕೆಲವು ದಾಟುತ್ತವೆ. ಆರ್‌ಟಿಎಕ್ಸ್ 4060 ಕಾರ್ಡು 115. ಬೋರ್ಡು, ಡಿಸ್ಕು, ಫ್ಯಾನು ಎಲ್ಲಾ ಸೇರಿ ಐವತ್ತು-ಅರವತ್ತು. ಒಟ್ಟು 280 ಎನ್ನಿ. ಆದರೂ ಆ ಕಾರ್ಡು ತಯಾರಿಸಿದವರು ಸೂಚಿಸುವುದು 550. ಕ್ಷಣಮಾತ್ರ ಏರುವ ಹಸಿವಿಗೆ ಜಾಗ ಬೇಕು. ಅಲ್ಲದೆ ಅರ್ಧ ಭಾರದ ಸುತ್ತಮುತ್ತ ಈ ಡಬ್ಬಿಗಳು ಅತ್ಯಂತ ನೆಮ್ಮದಿಯಿಂದ ಕೆಲಸ ಮಾಡುತ್ತವೆ. ಹಾಗೆಂದು ಸಾವಿರ ವ್ಯಾಟಿಗೆ ಹಾರಬೇಡಿ. ಇಬ್ಬರ ಮನೆಯಲ್ಲಿ ಸಾರು ಮಾಡಲು ಕೊಪ್ಪರಿಗೆ ಏಕೆ?

80 ಪ್ಲಸ್ ಎಂಬ ಗುರುತನ್ನು ನೀವು ನೋಡಿರುತ್ತೀರಿ. 2004ರಲ್ಲಿ ಶುರುವಾದದ್ದು, ಬ್ರಾಂಜ್, ಗೋಲ್ಡ್ ಎಂದೆಲ್ಲಾ ದರ್ಜೆಗಳಿವೆ. ಕಂಪ್ಯೂಟರಿಗೆ 200 ವ್ಯಾಟ್ ಬೇಕೆನ್ನಿ. ಶೇ. 85ರ ದಕ್ಷತೆಯ ಡಬ್ಬಿ ಗೋಡೆಯಿಂದ 235 ಎಳೆದು 35 ವ್ಯಾಟನ್ನು ಶಾಖವಾಗಿ ಬಿಡುತ್ತದೆ. ಶೇ. 70ರದ್ದು 286 ಎಳೆದು 86 ಬಿಡುತ್ತದೆ. ನಮ್ಮ ಮೇ-ಜೂನ್ ಸೆಕೆಯಲ್ಲಿ ಈ ಶಾಖದ ಪಾಡು ಹೇಳಬೇಕೆ? ಒಳಗಿನ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳು ಹತ್ತು ಡಿಗ್ರಿ ಹೆಚ್ಚಿದರೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತವಂತೆ. 85 ಡಿಗ್ರಿಯದ್ದಲ್ಲ, 105 ಡಿಗ್ರಿಯದ್ದು ಇರುವುದನ್ನೇ ಕೇಳಿ. ಒಂದು ಮಾತು ಮಾತ್ರ ನೆನಪಿರಲಿ: ಆ ಗುರುತು ಮಿತವ್ಯಯಕ್ಕೆ ಸರ್ಟಿಫಿಕೇಟೇ ಹೊರತು ರಕ್ಷಣೆಗಲ್ಲ. ರಕ್ಷಣೆಯ ವಿವರವನ್ನು, ವಾರಂಟಿಯ ವರ್ಷಗಳನ್ನು ಬೇರೆಯಾಗಿಯೇ ಓದಬೇಕು.

ಇನ್ನು ಮನೆಯ ವೈರಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಇರುವೆ ಕಚ್ಚಿದಂತೆ ಜುಮ್ಮೆನ್ನುತ್ತದೆಯೇ? ದೆಹಲಿಯ ಒಣ ಹವೆ ಎಂದು ನಾವು ಎರಡು ವರ್ಷ ಸುಮ್ಮನಿದ್ದೆವು. ಎಸ್‌ಎಂಪಿಎಸ್‌ನಿಂದ ಅತ್ಯಲ್ಪ ಕರೆಂಟು ಲೋಹದ ಮೈಗೆ ಸೋರುವುದು ಸಹಜ. ಅದು ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ನಿಮ್ಮ ಬೆರಳಿನ ಮೂಲಕ ಹೋಗುತ್ತದೆ. ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿದರೆ, ಹಸಿರು ತಂತಿ ಎಲ್ಲಿಗೂ ಸೇರದೆ ಒಳಗೇ ಸುರುಳಿ ಸುತ್ತಿಕೊಂಡಿತ್ತು! ಬಾಡಿಗೆ ಮನೆಯಲ್ಲಿರುವವರು ಇದನ್ನು ಮೊದಲು ನೋಡಿಸಿ.

ಯುಪಿಎಸ್ ಇದೆಯಲ್ಲ ಎನ್ನುವವರಿಗೂ ಒಂದು ಲೆಕ್ಕ. 600 ವಿಎ ಎಂದರೆ 600 ವ್ಯಾಟ್ ಅಲ್ಲ. ಸಾಮಾನ್ಯವಾಗಿ ಸಿಗುವುದು 360. ಕೆಲವು ಅಗ್ಗದ ಯುಪಿಎಸ್‌ಗಳ ಒರಟು ಅಲೆ ಹೊಸ ಎಸ್‌ಎಂಪಿಎಸ್‌ಗಳಿಗೆ ಒಗ್ಗದೆ, ಕರೆಂಟು ಹೋದ ಕ್ಷಣವೇ ಕಂಪ್ಯೂಟರ್ ಆರಿಹೋಗುವುದೂ ಉಂಟು. ಕೊಳ್ಳುವಾಗ ಎರಡನ್ನೂ ಒಟ್ಟಿಗೆ ಹೇಳಿ ಕೇಳಿ. ಹಾಗೆಯೇ, ಬಿಚ್ಚಿ ಹಾಕುವ ಕೇಬಲ್ ಇರುವ ಮಾದರಿಯಾದರೆ ಒಂದರ ಕೇಬಲನ್ನು ಇನ್ನೊಂದಕ್ಕೆ ಎಂದೂ ಸಿಕ್ಕಿಸಬೇಡಿ. ತುದಿ ಕೂತರೂ ಒಳಗಿನ ತಂತಿಯ ಕ್ರಮ ಬೇರೆ ಇರಬಹುದು. ಡಿಸ್ಕು ಸುಡಲು ಒಂದೇ ಸಲ ಸಾಕು.

ಹೊಸದನ್ನು ತರಲು ನಾವಿಬ್ಬರೂ ನೆಹರೂ ಪ್ಲೇಸಿಗೆ ಹೋದೆವು. ಈಗ ಸುಲಭ, ಸೆಂಟ್ರಲ್ ಸೆಕ್ರೆಟರಿಯೇಟಿನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಆಯಿತು. ರಜೆಗೆ ಬೆಂಗಳೂರಿಗೆ ಹೋಗುವವರು ಎಸ್.ಪಿ. ರೋಡಿನಲ್ಲೂ ವಿಚಾರಿಸಬಹುದು. (ಎಸ್.ಪಿ. ಎಂದರೆ ಪೊಲೀಸ್ ಸಾಹೇಬರಲ್ಲ, ಸಾದರ್ ಪತ್ರಪ್ಪ!) ಮೂರು ಅಂಗಡಿಗಳಲ್ಲಿ ನಾನು 12 ವೋಲ್ಟಿನ ಸಾಲು ತೋರಿಸಿ ಎಂದಾಗ ಹುಡುಗರು ನನ್ನ ಮುಖವನ್ನೂ ಸೀರೆಯನ್ನೂ ನೋಡಿದರು. ನಾಲ್ಕನೆಯವನು ತೋರಿಸಿದ. ಸುಮಾರು ನಾಲ್ಕೂವರೆ ಸಾವಿರವಾಯಿತು. ಬಿಲ್ಲು ಬರೆಸಿ, ಸೀರಿಯಲ್ ನಂಬರ್ ಹಾಕಿಸಿಕೊಂಡೇ ಹೊರಟೆವು.

ಅಮ್ಮನ ಹಾಡುಗಳಲ್ಲಿ ಒಂಬತ್ತು ನಮ್ಮಣ್ಣನ ಫೋನಿನಲ್ಲಿ ಉಳಿದಿದ್ದವು. ಮಗ ಅವನ್ನು ಈಗ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಹಾಕಿ, ಒಂದನ್ನು ನನ್ನ ಬೀರುವಿನಲ್ಲಿಟ್ಟಿದ್ದಾನೆ. ಉಳಿದ ಹದಿನಾಲ್ಕರಲ್ಲಿ ಹಸೆಗೆ ಕರೆಯುವ ಹಾಡೊಂದಿತ್ತು. ರಾಗ ನೆನಪಿದೆ, ಎರಡನೆಯ ನುಡಿ ಎಷ್ಟು ಯೋಚಿಸಿದರೂ ಬರುತ್ತಿಲ್ಲ. ನಿಮ್ಮ ಮನೆಯಲ್ಲಿ ತೀರ್ಥಹಳ್ಳಿ, ಕೊಪ್ಪದ ಕಡೆಯ ಅಜ್ಜಿಯರು ಯಾರಾದರೂ ಇದ್ದರೆ ಕೇಳಿ ನೋಡಿ. ಭಾನುವಾರ ಸಂಘದಲ್ಲಿ ಸಿಕ್ಕಾಗ ನನಗೆ ಹೇಳಿ. ಪೆನ್ನು-ಪುಸ್ತಕ ತಂದಿರುತ್ತೇನೆ.