ಮುಂದಿನ ವರ್ಷಕ್ಕೆ ಬಾರದ ರಜೆ

ಕೇಂದ್ರ ಸರ್ಕಾರದ ನೌಕರರಾದ ನಮಗೆ ರಜೆಯ ಲೆಕ್ಕ ಬಾಯಿಪಾಠ. ಇ.ಎಲ್. ಎಂದು ಕರೆಯುವ ಗಳಿಕೆ ರಜೆ ವರ್ಷಕ್ಕೆ 30 ದಿನ. ಬಳಸದಿದ್ದರೆ ಕೂಡುತ್ತ ಹೋಗುತ್ತದೆ. ನಿವೃತ್ತಿಯ ಹೊತ್ತಿಗೆ 300 ದಿನಗಳವರೆಗಿನದು ನಗದಾಗಿ ಕೈಸೇರುತ್ತದೆ. ಸಿ.ಎಲ್. ಹಾಗಲ್ಲ. ವರ್ಷಕ್ಕೆ 8 ದಿನ, ಡಿಸೆಂಬರ್ 31ಕ್ಕೆ ಅಳಿದುಹೋಗುತ್ತದೆ. ಮುಂದಿನ ವರ್ಷಕ್ಕೆ ಬಾರದು, ಹಣವೂ ಆಗದು. ತ್ರಿಪ್ಲಿಕೇನಿನಲ್ಲಿ ಮನೆ ಮಾಡಿಕೊಂಡು ಕಚೇರಿಗೆ ಹೋಗಿಬರುವ ಹೊರನಾಡ ಕನ್ನಡಿಗರಲ್ಲಿ ಅನೇಕರು ಬದುಕನ್ನೆಲ್ಲ ಮೊದಲನೆಯ ಬಗೆಯ ರಜೆಯೆಂದೇ ಎಣಿಸಿರುವಂತೆ ಕಾಣುತ್ತದೆ. ಓದಬೇಕಾದ ಪುಸ್ತಕ, ಊರಿನಲ್ಲಿ ಹೆತ್ತವರೊಡನೆ ನಾಲ್ಕು ದಿನ, ಮಕ್ಕಳಿಗೆ ಕನ್ನಡದ ಅಕ್ಷರಾಭ್ಯಾಸ, ಎಲ್ಲವೂ ‘ರಿಟೈರ್ ಆದ ಮೇಲೆ’ ಎಂಬ ಖಾತೆಗೆ ಜಮೆ. ಈ ಲೆಕ್ಕದ ಬಗ್ಗೆಯೇ ನಮ್ಮ ತಕರಾರು.

ಅಕ್ಷರಾಭ್ಯಾಸವನ್ನೇ ನೋಡಿ. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಆರೇಳು ವರ್ಷದ ಮಗುವನ್ನು ದಿನಕ್ಕೆ ಕಾಲು ಗಂಟೆ ಕೂರಿಸಿಕೊಂಡರೆ ಕೆಲವು ತಿಂಗಳಲ್ಲಿ ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬರುತ್ತದೆ. ಅದೇ ಮಗುವಿಗೆ ಹದಿನಾಲ್ಕಾದಾಗ ಟ್ಯೂಷನ್ನಿನ ನಡುವೆ ಕಾಲು ಗಂಟೆ ಉಳಿದಿರುವುದಿಲ್ಲ. ಅಪ್ಪನಿಗೆ ಅರವತ್ತು ತುಂಬಿ ಬಿಡುವಾಗುವ ಹೊತ್ತಿಗೆ ಮಗಳು ಬೇರಾವುದೋ ಊರಿನಲ್ಲಿ ನೌಕರಿಯಲ್ಲಿರುತ್ತಾಳೆ. ಹೆತ್ತವರ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ. ಅವರ ವಯಸ್ಸು ನಮ್ಮ ನಿವೃತ್ತಿಗಾಗಿ ಕಾಯುವುದಿಲ್ಲ.

ಇದೇ ತ್ರಿಪ್ಲಿಕೇನಿನಿಂದ 1912ರ ಫೆಬ್ರುವರಿಯಲ್ಲಿ ಒಬ್ಬ ತರುಣ ಮದರಾಸು ಪೋರ್ಟ್ ಟ್ರಸ್ಟಿಗೆ ಗುಮಾಸ್ತಿಕೆಗಾಗಿ ಅರ್ಜಿ ಹಾಕಿದ. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಕೆಲಸಕ್ಕೆ ಸೇರಿದ. ಆತ ಶ್ರೀನಿವಾಸ ರಾಮಾನುಜನ್. ಹಗಲೆಲ್ಲ ಬಂದರಿನ ಲೆಕ್ಕ. ರಾತ್ರಿ ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್ ಅವರೊಡನೆ ಸ್ಲೇಟು ಹಿಡಿದು ತನ್ನ ಲೆಕ್ಕ. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ಅವರು ತಮ್ಮನ್ನು ಪರಿಚಯಿಸಿಕೊಂಡದ್ದು ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತನೆಂದೇ. ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕಚೇರಿಯಿಂದ ಬಿಡಿಸಿದ್ದು ಆ ಪತ್ರದ ಬಳಿಕ. ಬಿಡುವು ಸಿಕ್ಕಲೆಂದು ಕಾದಿದ್ದರೆ ಬಿಡುವೇ ಸಿಕ್ಕುತ್ತಿರಲಿಲ್ಲ.

ಅಸಾಮಾನ್ಯರ ಮಾತು ನಮಗೇಕೆ ಎನ್ನುವವರಿಗೆ ನಮ್ಮವರೇ ಆದ ಮಾಸ್ತಿಯವರನ್ನು ನೆನಪಿಸಬಹುದು. ಮದರಾಸು ವಿಶ್ವವಿದ್ಯಾಲಯದಿಂದ 1914ರಲ್ಲಿ ಇಂಗ್ಲಿಷ್ ಎಂ.ಎ. ಪಡೆದು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿದ್ದವರು. ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ, ‘ಸುಬ್ಬಣ್ಣ’ 1928ರಲ್ಲಿ ಬಂದವು. ಅವರು ಕೆಲಸ ಬಿಟ್ಟದ್ದು 1943ರಲ್ಲಿ. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ದೊಡ್ಡ ಕಾದಂಬರಿಗಳು ಆಮೇಲಿನವು, ನಿಜ. ನಿವೃತ್ತಿಯ ಪರವಾಗಿ ವಾದಿಸುವವರು ಅದನ್ನು ಎತ್ತಿ ತೋರಿಸಲಿ. ಆದರೆ ಅವನ್ನು ಬರೆದ ಕೈ ಕಡತಗಳ ನಡುವೆಯೇ ಎರಡು ದಶಕಗಳಿಗೂ ಮಿಕ್ಕಿ ಕಥೆ ಬರೆದು ಪಳಗಿದ್ದ ಕೈ. ಎಂ.ಎ.ಯಲ್ಲಿ ಇಂಗ್ಲಿಷ್ ಓದಿದ ನಮ್ಮಂಥವರಿಗೆ, ಇಂಗ್ಲಿಷ್ ಓದಿಯೂ ಕನ್ನಡಕ್ಕೆ ಅವರು ಕೊಟ್ಟ ಹೊತ್ತು ಬೇರೊಂದು ಕಾರಣಕ್ಕೂ ಚುಚ್ಚುತ್ತದೆ. ಆ ಮಾತು ಇನ್ನೊಮ್ಮೆ.

ಹಾಗೆಂದು ಬೆಳಗಿನ ನಾಲ್ಕಕ್ಕೇ ಏಳಿರೆಂಬ ಉಪದೇಶ ನಮ್ಮದಲ್ಲ. ಕಚೇರಿಯ ತರಬೇತಿಗಳಲ್ಲಿ ಹೇಳಿಕೊಡುವ ಟೈಮ್ ಮ್ಯಾನೇಜ್‌ಮೆಂಟಿನ ಮೇಲೆ ನಮಗೆ ನಂಬಿಕೆ ಕಡಿಮೆ. ಅದು ಉಳಿಸಿಕೊಟ್ಟ ಹೊತ್ತೂ ಕೊನೆಗೆ ಕಚೇರಿಗೇ ಸಲ್ಲುತ್ತದೆ. ನಾವು ಹೇಳುವುದು ಈಗಾಗಲೇ ಕಾಲಡಿಯಲ್ಲಿರುವ ದಿನದ ಮಾತು. ಮೆರೀನಾ ಕಡಲತೀರ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಊರಿನಿಂದ ನೆಂಟರು ಬಂದಾಗ ಮಾತ್ರ ಅತ್ತ ಹೆಜ್ಜೆಯಿಡುವ ಮನೆಗಳು ಎಷ್ಟಿಲ್ಲ! ಪೈಕ್ರಾಫ್ಟ್ಸ್ ರಸ್ತೆಗೆ ಭಾರತಿ ಸಾಲೈ ಎಂಬ ಹೆಸರಾದರೂ ಹಳೆಯ ಪುಸ್ತಕದಂಗಡಿಗಳಿಂದಲೇ ಅದು ಪ್ರಸಿದ್ಧ. ಪಾರ್ಥಸಾರಥಿ ದೇವಾಲಯದ ಉತ್ಸವ ಬೀದಿಗಿಳಿದರೆ ಸ್ಕೂಟರ್ ನಿಲ್ಲಿಸಲೇಬೇಕು. ಆ ಹತ್ತು ನಿಮಿಷ ಗಡಿಯಾರ ನೋಡಿಕೊಳ್ಳುವವರೂ ಇದ್ದಾರೆ, ನಾಗಸ್ವರ ಕೇಳುವವರೂ ಇದ್ದಾರೆ. ನಿಂತ ಹೊತ್ತು ಇಬ್ಬರಿಗೂ ಒಂದೇ. 1795ರ ವಾಲಾಜಾ ಮಸೀದಿಯ ಆಜಾನ್ ಸಂಜೆಯಾಯಿತೆಂದು ದಿನವೂ ಕೂಗಿ ಹೇಳುತ್ತದೆ. ಆಗಲೂ ಕಡತದ ಮೇಲಿನಿಂದ ತಲೆಯೆತ್ತದವರಿಗೆ ಕೆಲಸದ ಒತ್ತಡವೇ ಕಾರಣವೆಂದು ನಾವು ಒಪ್ಪುವುದಿಲ್ಲ. ಅರ್ಧ ಒತ್ತಡ, ಅರ್ಧ ಅಭ್ಯಾಸ.

ಇಷ್ಟು ಹೇಳಿದ ಮೇಲೆ ಒಂದು ತೊಡಕನ್ನು ಮುಚ್ಚಿಡಲಾಗದು. ಬಿಡುವು ಮಾಡಿಕೊಳ್ಳಿ ಎಂಬ ಸಲಹೆಯನ್ನು ಹೆಚ್ಚಾಗಿ ಬರೆಯುವವರು ಗಂಡಸರು, ಓದಿ ತಲೆದೂಗುವವರೂ ಗಂಡಸರು. ರಾಮಾನುಜನ್ ಅವರ ಮನೆವಾರ್ತೆಯ ಹೊಣೆ ಹೊತ್ತಿದ್ದವರು ತಾಯಿ ಕೋಮಲತಮ್ಮಾಳ್. ಸ್ಲೇಟಿನ ಮುಂದೆ ಕೂತವರು ಅಡುಗೆಯ ಚಿಂತೆ ಮಾಡಬೇಕಿರಲಿಲ್ಲ. ಇಂದಿಗೂ ನಮ್ಮ ಕಚೇರಿಗಳಿಂದ ಆರು ಗಂಟೆಗೆ ಹೊರಡುವ ಹೆಣ್ಣುಮಕ್ಕಳು ಮನೆ ಮುಟ್ಟಿದೊಡನೆ ಎರಡನೆಯ ಪಾಳಿಗೆ ಹಾಜರಾಗುತ್ತಾರೆ. ಗಂಡ ಪುಸ್ತಕ ಹಿಡಿದು ಕೂತ ಅರ್ಧ ಗಂಟೆ ಹೆಂಡತಿಯ ದಿನದಿಂದ ಕಡ ತಂದದ್ದಾದರೆ ಅದನ್ನು ಬಿಡುವು ಎನ್ನಲು ನಮಗೆ ಮನಸ್ಸಿಲ್ಲ.

ಆದ್ದರಿಂದ ನಮ್ಮ ಸೂಚನೆ ಸಣ್ಣದು, ಮನೆಯ ಗಂಡಸರಿಗೆ ಸಲ್ಲುವಂಥದು. ಸಂಜೆ ಹುರುಳಿಕಾಯಿಯ ನಾರು ತೆಗೆಯುವ ಕೆಲಸವನ್ನು ವಹಿಸಿಕೊಳ್ಳಿ. ಮಗುವನ್ನು ಎದುರಿಗೆ ಕೂರಿಸಿಕೊಂಡು ಕನ್ನಡ ಪಾಠದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ಕೈಯಲ್ಲಿ ಕಾಯಿಯಿದ್ದರೂ ಅಲ್ಪಪ್ರಾಣ ಮಹಾಪ್ರಾಣ ತಿದ್ದಲು ಅಡ್ಡಿಯಿಲ್ಲ. ಕಾಯಿ ಮುಗಿಯುವಷ್ಟರಲ್ಲಿ, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತ ಮನೆಯಾಕೆ ವಾರಪತ್ರಿಕೆಯ ಧಾರಾವಾಹಿಯ ಒಂದು ಕಂತನ್ನು ಓದಿ ಮುಗಿಸಿರುತ್ತಾಳೆ.